ತಾಯಿ ಮರಣ: ಅಂಕಿ ಇಳಿದಿದೆ, ಆತಂಕ ಇಳಿದಿಲ್ಲ

ಅರಭಾವಿ: ಘಟಪ್ರಭೆಯ ನೀರುಂಡ ಈ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾದರೆ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರೇಲರ್‌ಗಳನ್ನು ಎಳೆದುಕೊಂಡು ತೆವಳುವ ಟ್ರ್ಯಾಕ್ಟರ್‌ಗಳ ಸಾಲು ಕಾರ್ಖಾನೆಯ ಕಡೆಗೆ ಮುಖ ಮಾಡಿರುತ್ತದೆ. ಅದರ ಹಿಂದೆ ಸಿಲುಕಿದ ವಾಹನಕ್ಕೆ ಕಾಯುವುದನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಹಾಗೆ ಸಿಲುಕಿದ್ದು, ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದ ಬಾಣಂತಿಯೊಬ್ಬಳನ್ನು ಬೆಳಗಾವಿಗೆ ಒಯ್ಯುತ್ತಿರುವ ಆಂಬುಲೆನ್ಸ್ ಆಗಿದ್ದರೆ?

ಪ್ರಶ್ನೆ ಕಾಲ್ಪನಿಕವಲ್ಲ. ಚಿಕಿತ್ಸೆ ಸಿಗದ ತೀವ್ರ ರಕ್ತಸ್ರಾವ ಸುಮಾರು ಎರಡು ಗಂಟೆಯೊಳಗೆ ಆರೋಗ್ಯವಂತ ಹೆಣ್ಣುಮಗಳ ಜೀವವನ್ನೂ ತೆಗೆಯಬಲ್ಲದು ಎನ್ನುತ್ತದೆ ವೈದ್ಯಶಾಸ್ತ್ರ. ಗೋಕಾಕದಿಂದ ಬೆಳಗಾವಿಗೆ ಅರವತ್ತು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಮೂಡಲಗಿಯ ಕಡೆಯ ಹಳ್ಳಿಗಳಿಂದ ಅದು ಇನ್ನೂ ದೂರ. ಗಡಿಯಾರ ಮತ್ತು ರಸ್ತೆಯ ನಡುವಿನ ಈ ಲೆಕ್ಕದಲ್ಲಿಯೇ ಕರ್ನಾಟಕದ ತಾಯಿ ಮರಣದ ಸಮಸ್ಯೆಯ ತಿರುಳು ಅಡಗಿದೆ.

ವಿಪರ್ಯಾಸವೆಂದರೆ, ಹೆರಿಗೆಯ ರಕ್ತಸ್ರಾವವನ್ನು ತಡೆಯುವ ಬಗೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಮಹತ್ವದ ಪ್ರಯೋಗವೊಂದು ನಡೆದಿದ್ದು ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ಆ ಜ್ಞಾನ ಜಗತ್ತನ್ನು ಸುತ್ತಿ ಬಂದಿದೆ. ಅದೇ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ತಾಯಂದಿರಿಗೆ ಅದರ ಫಲ ಎಷ್ಟರಮಟ್ಟಿಗೆ ದಕ್ಕಿದೆ ಎಂಬುದು ಈಗಿನ ಪ್ರಶ್ನೆ.

ಅಂಕಿ-ಅಂಶಗಳ ಏರಿಳಿತ

ಗರ್ಭಿಣಿಯಾಗಿರುವಾಗ ಅಥವಾ ಗರ್ಭಾವಸ್ಥೆ ಮುಗಿದ 42 ದಿನಗಳೊಳಗೆ, ಗರ್ಭಧಾರಣೆಗೆ ಸಂಬಂಧಿಸಿದ ಕಾರಣದಿಂದ ಸಂಭವಿಸುವ ಸಾವನ್ನು ತಾಯಿ ಮರಣ ಎಂದು ಪರಿಗಣಿಸಲಾಗುತ್ತದೆ. ಒಂದು ಲಕ್ಷ ಜೀವಂತ ಜನನಗಳಿಗೆ ಇಂತಹ ಸಾವು ಎಷ್ಟು ಎಂಬುದೇ ತಾಯಿ ಮರಣ ಪ್ರಮಾಣ. ಭಾರತದ ಮಹಾ ನೋಂದಣಾಧಿಕಾರಿಗಳ ಮಾದರಿ ನೋಂದಣಿ ವ್ಯವಸ್ಥೆ ಈ ಪ್ರಮಾಣವನ್ನು ಮೂರು ಮೂರು ವರ್ಷಗಳ ಅವಧಿಗೆ ಅಂದಾಜು ಮಾಡುತ್ತದೆ.

ಅದರ ಪ್ರಕಾರ 2001-03ರಲ್ಲಿ ದೇಶದ ಪ್ರಮಾಣ 301 ಇದ್ದರೆ ಕರ್ನಾಟಕದ್ದು 228 ಇತ್ತು. 2010-12ರ ಹೊತ್ತಿಗೆ ಇವು ಕ್ರಮವಾಗಿ 178 ಮತ್ತು 144ಕ್ಕೆ ಇಳಿದವು. 2018-20ರಲ್ಲಿ ದೇಶದ ಪ್ರಮಾಣ 97ಕ್ಕೂ ರಾಜ್ಯದ್ದು 69ಕ್ಕೂ ಬಂದು ನಿಂತವು. 2030ರೊಳಗೆ ಜಾಗತಿಕ ಪ್ರಮಾಣವನ್ನು 70ಕ್ಕಿಂತ ಕೆಳಗಿಳಿಸಬೇಕೆಂಬುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ ಗುರಿ. ಆ ಸಂಖ್ಯೆಯನ್ನು ಕರ್ನಾಟಕ ಹತ್ತು ವರ್ಷ ಮೊದಲೇ ಮುಟ್ಟಿತು. 2019-21ರಲ್ಲಿ ರಾಜ್ಯದ ಪ್ರಮಾಣ 63ಕ್ಕೆ ಇಳಿಯಿತು. ದೇಶದ ಪ್ರಮಾಣ ಆಗ 93.

ಜಗತ್ತಿನ ಚಿತ್ರದೊಡನೆ ಹೋಲಿಸಿದರೆ ಇದು ಸಣ್ಣ ಸಾಧನೆಯಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಅಂದಾಜಿನಂತೆ 2023ರಲ್ಲಿ ಸುಮಾರು 2 ಲಕ್ಷ 60 ಸಾವಿರ ಮಹಿಳೆಯರು ಗರ್ಭಾವಸ್ಥೆ ಮತ್ತು ಹೆರಿಗೆಯ ಕಾರಣದಿಂದ ಮೃತಪಟ್ಟರು. ಅಂದರೆ ದಿನವೊಂದಕ್ಕೆ 700ಕ್ಕೂ ಹೆಚ್ಚು ಸಾವು. 2000ದಲ್ಲಿ 328 ಇದ್ದ ಜಾಗತಿಕ ಪ್ರಮಾಣ 2023ರಲ್ಲಿ 197ಕ್ಕೆ ಇಳಿದಿದೆ. ಇದೇ ಅಂದಾಜಿನಲ್ಲಿ ಭಾರತದ ಪ್ರಮಾಣ 80. ಆದರೆ ಜನಸಂಖ್ಯೆ ದೊಡ್ಡದಾದ್ದರಿಂದ ಪ್ರಮಾಣ ಕಡಿಮೆಯಾದರೂ ಸಾವಿನ ಸಂಖ್ಯೆ ದೊಡ್ಡದೇ. ಆ ಒಂದೇ ವರ್ಷ ಭಾರತದಲ್ಲಿ ಸುಮಾರು 19 ಸಾವಿರ ತಾಯಂದಿರು ಅಸುನೀಗಿದ್ದಾರೆ.

ದಕ್ಷಿಣದಲ್ಲಿ ಹಿಂದಿನ ಸಾಲು

ಉತ್ತರದ ರಾಜ್ಯಗಳತ್ತ ನೋಡಿದರೆ ಕರ್ನಾಟಕ ಬೆನ್ನು ತಟ್ಟಿಕೊಳ್ಳಬಹುದು. ನೆರೆಹೊರೆಯತ್ತ ನೋಡಿದರೆ ತಲೆ ತಗ್ಗಿಸಬೇಕಾಗುತ್ತದೆ. 2004-06ರಲ್ಲಿ ಕೇರಳದ ಪ್ರಮಾಣ 95, ತಮಿಳುನಾಡಿನದು 111, ಅವಿಭಜಿತ ಆಂಧ್ರಪ್ರದೇಶದ್ದು 154. ಕರ್ನಾಟಕದ್ದು 213. 2019-21ರಲ್ಲಿ ಕೇರಳ 20, ಮಹಾರಾಷ್ಟ್ರ 38, ತೆಲಂಗಾಣ 45, ಆಂಧ್ರಪ್ರದೇಶ 46, ತಮಿಳುನಾಡು 49. ಕರ್ನಾಟಕ 63. ಹದಿನೈದು ವರ್ಷಗಳಲ್ಲಿ ಎಲ್ಲರೂ ಓಡಿದ್ದಾರೆ, ಕರ್ನಾಟಕವೂ ಓಡಿದೆ. ಆದರೆ ಸಾಲಿನಲ್ಲಿ ಅದರ ಜಾಗ ಮಾತ್ರ ಬದಲಾಗಿಲ್ಲ. ಬೆಳಗಾವಿ ಜಿಲ್ಲೆಯ ಮಟ್ಟಿಗೆ ಈ ಹೋಲಿಕೆಗೆ ಇನ್ನೂ ಹೆಚ್ಚಿನ ಅರ್ಥವಿದೆ. ಗಡಿಯಾಚೆಗಿನ ರಾಜ್ಯದ ಪ್ರಮಾಣಕ್ಕೂ ಈಚೆಗಿನದಕ್ಕೂ ಇರುವ ಅಂತರ ಸಣ್ಣದಲ್ಲ.

ಪ್ರಮಾಣದ ಲೆಕ್ಕವನ್ನು ಬದಿಗಿಟ್ಟು ಜೀವಗಳ ಲೆಕ್ಕ ಹಿಡಿದರೆ ಚಿತ್ರ ಮತ್ತಷ್ಟು ಸ್ಪಷ್ಟವಾಗುತ್ತದೆ. ರಾಜ್ಯ ಸರಕಾರದ ದಾಖಲೆಗಳಂತೆ 2019-20ರಲ್ಲಿ 662, ಕೋವಿಡ್ ಆವರಿಸಿದ್ದ 2020-21ರಲ್ಲಿ 714, 2021-22ರಲ್ಲಿ 595, 2022-23ರಲ್ಲಿ 527, 2023-24ರಲ್ಲಿ 518 ತಾಯಂದಿರು ಮೃತಪಟ್ಟಿದ್ದಾರೆ. 2024-25ರ ನವೆಂಬರ್‌ವರೆಗಿನ 348 ಸೇರಿದರೆ ಒಟ್ಟು 3,364. 2020-21ರ ನಂತರ 2023-24ರವರೆಗೆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿದಿದೆ ಎಂಬುದು ಸಮಾಧಾನದ ಸಂಗತಿ. ಆದರೆ ಆರು ವರ್ಷವೂ ತುಂಬದ ಅವಧಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ತೊಟ್ಟಿಲು ಕಟ್ಟುವ ಹೊತ್ತಿಗೆ ಸೂತಕ ಬಂದಿತೆಂಬುದೂ ಅಷ್ಟೇ ಸತ್ಯ.

ಬೆಳಗಾವಿ ಕೊಟ್ಟ ಪಾಠ

ಈ ಶತಮಾನದ ಆರಂಭದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಹೆರಿಗೆ ಸಾಮಾನ್ಯವಾಗಿತ್ತು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಆಸ್ಪತ್ರೆಗಳಲ್ಲಿ ಆಕ್ಸಿಟೋಸಿನ್ ಚುಚ್ಚುಮದ್ದು ಬಳಕೆಯಲ್ಲಿದ್ದರೂ ಅದನ್ನು ತಂಪಿನಲ್ಲಿ ಕಾಯ್ದಿಡಬೇಕು, ನುರಿತವರೇ ಕೊಡಬೇಕು. ವಿದ್ಯುತ್ ಯಾವಾಗ ಹೋಗುವುದೋ ತಿಳಿಯದ ಹಳ್ಳಿಯಲ್ಲಿ ಇದು ಕಷ್ಟಸಾಧ್ಯ. ಆಗ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರನ್ನೊಳಗೊಂಡ ತಂಡ ಸರಳ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡಿತು. ತಂಪುಪೆಟ್ಟಿಗೆ ಬೇಡದ, ನುಂಗಿಸಿದರೆ ಸಾಕಾಗುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಕಿರಿಯ ಆರೋಗ್ಯ ಸಹಾಯಕಿಯರೇ ಕೊಟ್ಟರೆ ತಾಯಿ ಉಳಿಯುವಳೇ?

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಮಹಿಳೆಯರನ್ನೊಳಗೊಂಡು ಪ್ರಯೋಗ ನಡೆಯಿತು. ಅರ್ಧದಷ್ಟು ಮಂದಿಗೆ ಔಷಧದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಫಲಿತಾಂಶ ಸ್ಪಷ್ಟವಾಗಿತ್ತು. ರಕ್ತಸ್ರಾವಕ್ಕೆ ತುತ್ತಾದವರ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ ಶೇ. 1.2ರಿಂದ ಶೇ. 0.2ಕ್ಕೆ ಕುಸಿದಿತ್ತು. ಹದಿನೆಂಟು ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬಳನ್ನು ರಕ್ತಸ್ರಾವದಿಂದ ಪಾರು ಮಾಡಬಹುದೆಂಬ ಈ ವರದಿ 2006ರಲ್ಲಿ ಪ್ರತಿಷ್ಠಿತ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಾತ್ರೆಯಷ್ಟೇ ಮುಖ್ಯವಾದದ್ದು ಅದರೊಡನೆ ಬಂದ ಒಂದು ಪ್ಲಾಸ್ಟಿಕ್ ಹಾಳೆ. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವ, ರಕ್ತವನ್ನು ಅಳತೆಯ ಗೆರೆಗಳಿರುವ ಚೀಲಕ್ಕೆ ಇಳಿಸುವ ಸರಳ ಸಾಧನವಿದು. ಕಣ್ಣಂದಾಜಿಗೂ ಈ ಅಳತೆಗೂ ಇರುವ ವ್ಯತ್ಯಾಸವನ್ನು ಬೆಳಗಾವಿಯ ಸಂಶೋಧಕರು ಹೋಲಿಸಿ ನೋಡಿದಾಗ, ಕಣ್ಣಂದಾಜು ಶೇ. 33ರಷ್ಟು ಕಡಿಮೆ ತೋರಿಸುತ್ತದೆಂದು ಕಂಡುಬಂತು. ಹೋದ ರಕ್ತದ ಮೂರನೆಯ ಒಂದು ಪಾಲು ಲೆಕ್ಕಕ್ಕೇ ಬರುವುದಿಲ್ಲವೆಂದರೆ ಅಪಾಯದ ಗಂಟೆ ಬಾರಿಸುವುದು ತಡವಾಗುತ್ತದೆ ಎಂದೇ ಅರ್ಥ. ಅಂಥದೇ ಅಳತೆಯ ಚೀಲ ಮತ್ತು ತಕ್ಷಣದ ಚಿಕಿತ್ಸೆಯನ್ನು ಜೋಡಿಸಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಹೊರಬಿತ್ತು. ತೀವ್ರ ರಕ್ತಸ್ರಾವ ಮತ್ತು ಅದರ ಗಂಭೀರ ಪರಿಣಾಮಗಳು ಶೇ. 60ರಷ್ಟು ತಗ್ಗಿದ್ದವು.

ಬೆಳಗಾವಿಯ ಕೊಡುಗೆ ಅಲ್ಲಿಗೇ ನಿಂತಿಲ್ಲ. ಹೆರಿಗೆಯ ಸಮಯದಲ್ಲಿ ಒಂದೇ ಬಾರಿ ಅಜಿಥ್ರೊಮೈಸಿನ್ ನುಂಗಿಸಿದರೆ ತಾಯಿಯ ನಂಜು ಅಥವಾ ಸಾವಿನ ಪ್ರಮಾಣ ಶೇ. 2.4ರಿಂದ ಶೇ. 1.6ಕ್ಕೆ ಇಳಿಯುವುದೆಂದು 2023ರಲ್ಲಿ ತೋರಿಸಿದ ಏಳು ದೇಶಗಳ ಅಧ್ಯಯನದಲ್ಲಿಯೂ ಬೆಳಗಾವಿ ಒಂದು ಕೇಂದ್ರವಾಗಿತ್ತು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಗರ್ಭಿಣಿಯರ ರಕ್ತದೊತ್ತಡ ಅಳೆಯುವ ಮತ್ತೊಂದು ಪ್ರಯೋಗವೂ ನಡೆಯಿತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶ ಉತ್ಸಾಹ ತರುವಂತಿರಲಿಲ್ಲ. ಒಟ್ಟಾರೆ ಸಾವುನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿರಲಿಲ್ಲ. ಆದರೆ ಆರೋಗ್ಯ ಕಾರ್ಯಕರ್ತೆಯರ ಭೇಟಿ ಹೆಚ್ಚು ಬಾರಿ ದೊರೆತವರ ಸ್ಥಿತಿ ಉತ್ತಮವಾಗಿತ್ತು. ಇದರ ಇಂಗಿತ ಸ್ಪಷ್ಟ. ಯಂತ್ರ ಕೊಟ್ಟ ಮಾತ್ರಕ್ಕೆ ತಾಯಿ ಉಳಿಯುವುದಿಲ್ಲ. ಅದನ್ನು ಹಿಡಿದವರು ಮತ್ತೆ ಮತ್ತೆ ಮನೆಗೆ ಬರಬೇಕು, ಅವರು ಕಳಿಸಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಬೇಕು.

ಮನೆಯಿಂದ ಆಸ್ಪತ್ರೆಗೆ

ಇಪ್ಪತ್ತು ವರ್ಷಗಳಲ್ಲಿ ಹಳ್ಳಿಯ ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸ್ಥಳಾಂತರಗೊಂಡಿದ್ದು ಬಹುದೊಡ್ಡ ಬದಲಾವಣೆ. 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಅದರೊಡನೆ ಬಂದ ಜನನಿ ಸುರಕ್ಷಾ ಯೋಜನೆ ಮತ್ತು ಆಶಾ ಕಾರ್ಯಕರ್ತೆಯರು, ರಾಜ್ಯದ ಮಡಿಲು, ಪ್ರಸೂತಿ ಆರೈಕೆ ಮತ್ತು ತಾಯಿ ಭಾಗ್ಯ ಯೋಜನೆಗಳು, 2008ರ ನವೆಂಬರ್ 1ರಂದು ಚಾಲನೆ ಪಡೆದ 108 ಆರೋಗ್ಯ ಕವಚ ಇವೆಲ್ಲ ಸೇರಿ ಈ ಕೆಲಸ ಮಾಡಿದವು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ರಕ್ತ, ಊಟ ಮತ್ತು ವಾಹನವನ್ನು ಉಚಿತಗೊಳಿಸಿತು. ಸೂಲಗಿತ್ತಿಯ ಕೈಗುಣವನ್ನೇ ನಂಬಿದ್ದ ಮನೆಗಳು ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಯ ಸಾಲಿನಲ್ಲಿ ನಿಂತವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2005-06ರಲ್ಲಿ ರಾಜ್ಯದ ಸುಮಾರು ಮೂರನೆಯ ಎರಡರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ ಅದು ಶೇ. 97ಕ್ಕೆ ಏರಿತು.

ಹಾಗಿದ್ದರೆ ಸಾವು ಇನ್ನೂ ಏಕೆ? ಆಸ್ಪತ್ರೆಯ ಬಾಗಿಲು ತಲುಪಿದ ಮಾತ್ರಕ್ಕೆ ಚಿಕಿತ್ಸೆ ತಲುಪಿದಂತಲ್ಲ ಎಂಬುದೇ ಉತ್ತರ. ಹಿಂದೆ ಸಾವು ಮನೆಯ ಕತ್ತಲಕೋಣೆಯಲ್ಲಿ ಆಗುತ್ತಿತ್ತು. ಈಗ ಅದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗುವ ಹಾದಿಯಲ್ಲಿ, ರಕ್ತದ ಬಾಟಲಿಗಾಗಿ ಕಾಯುವ ವಾರ್ಡಿನಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ಹಾಸಿಗೆಯಲ್ಲಿ ಆಗುತ್ತಿದೆ.

ಮೂರು ವಿಳಂಬಗಳು

ತಾಯಿ ಮರಣದ ಹಿಂದೆ ಮೂರು ವಿಳಂಬಗಳಿವೆ ಎಂದು ಥಡ್ಡಿಯಸ್ ಮತ್ತು ಮೈನ್ ಎಂಬ ಸಂಶೋಧಕಿಯರು 1994ರಲ್ಲಿ ವಿವರಿಸಿದ್ದರು. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ತಡ, ಹೋಗಿ ತಲುಪುವಲ್ಲಿ ತಡ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ತಡ. ಈ ಮೂರನ್ನೂ ಗೋಕಾಕ ಸೀಮೆಗೆ ಅನ್ವಯಿಸಿ ನೋಡಬಹುದು.

ಮೊದಲನೆಯದು ಮನೆಯೊಳಗಿನದು. ಕುಬುಸದ ಕಾರ್ಯ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವುದು ಈ ಭಾಗದ ಪದ್ಧತಿ. ಬಾಣಂತನದ ಆರೈಕೆಗೆ ತಾಯಿಯ ಮನೆಗಿಂತ ಮಿಗಿಲಾದ ಜಾಗವಿಲ್ಲ. ಆದರೆ ಗಂಡನ ಊರಿನ ಆಶಾ ಕಾರ್ಯಕರ್ತೆ ಆರು ತಿಂಗಳು ಕಂಡು ಗುರುತಿಸಿದ ರಕ್ತಹೀನತೆ, ಏರುತ್ತಿದ್ದ ರಕ್ತದೊತ್ತಡ ಇವು ತವರೂರಿನ ಕಾರ್ಯಕರ್ತೆಗೆ ತಿಳಿಯುವುದು ತಾಯಿ ಕಾರ್ಡಿನಲ್ಲಿ ಸರಿಯಾಗಿ ಬರೆದಿದ್ದರೆ ಮಾತ್ರ. ಗರ್ಭದ ಅತ್ಯಂತ ಅಪಾಯದ ತಿಂಗಳುಗಳಲ್ಲಿಯೇ ಆಕೆ ಒಂದು ವ್ಯವಸ್ಥೆಯ ಕೈಯಿಂದ ಜಾರಿ ಇನ್ನೊಂದರ ಕೈಗೆ ಬೀಳುತ್ತಾಳೆ. ಹೆರಿಗೆಯ ನಂತರ ಬಂದ ಜ್ವರವನ್ನು ಬಾಣಂತಿಯ ಮಾಮೂಲಿ ತೊಂದರೆಯೆಂದು ಬಗೆದು ಬೆಚ್ಚಗೆ ಹೊದಿಸಿ ಮಲಗಿಸುವ ರೂಢಿಯೂ ಪೂರ್ತಿ ಅಳಿದಿಲ್ಲ. ಅದು ನಂಜಿನ ಮೊದಲ ಲಕ್ಷಣವಾಗಿರಬಹುದು.

ಕಬ್ಬು ಕಡಿಯುವ ಗ್ಯಾಂಗ್‌ಗಳ ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಕಠಿಣ. ಹಂಗಾಮಿನ ನಾಲ್ಕೈದು ತಿಂಗಳು ಹೊಲದಂಚಿನ ಗುಡಿಸಲುಗಳಲ್ಲಿ ಬೀಡುಬಿಡುವ ಇವರ ಕುಟುಂಬಗಳು ಯಾವ ಊರಿನ ಪಟ್ಟಿಗೂ ಪೂರ್ತಿ ಸೇರಿದವಲ್ಲ. ಮುಂಗಡ ಪಡೆದು ಬಂದವರಿಗೆ ಒಂದು ದಿನ ಕೆಲಸ ಬಿಟ್ಟು ತಪಾಸಣೆಗೆ ಹೋಗುವುದೆಂದರೆ ಕೂಲಿಯ ಲೆಕ್ಕದಲ್ಲಿ ನಷ್ಟ.

ಎರಡನೆಯ ವಿಳಂಬ ರಸ್ತೆಯದು. ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಸಾಲು, ಮಳೆಗಾಲದಲ್ಲಿ ನದಿ. ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗ ಘಟಪ್ರಭೆಯ ದಂಡೆಯ ಊರುಗಳು ಎಚ್ಚರದಿಂದಿರಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿ, ಲೋಳಸೂರ ಸೇತುವೆ ಮುಳುಗಿ ಸಂಪರ್ಕ ಕಡಿದುಹೋಗಿದ್ದನ್ನು ಜನ ಮರೆತಿಲ್ಲ. ಪ್ರವಾಹ ಬರುವ ಕಾಲ ಮೊದಲೇ ಗೊತ್ತಿರುತ್ತದೆ. ಹೆರಿಗೆಯ ದಿನಾಂಕವೂ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಇವೆರಡನ್ನೂ ಒಂದೆಡೆ ಇಟ್ಟು ನೋಡಿ, ನದಿದಂಡೆಯ ತುಂಬು ಗರ್ಭಿಣಿಯರನ್ನು ಮುಂಚಿತವಾಗಿಯೇ ಆಸ್ಪತ್ರೆಯಿರುವ ಊರಿಗೆ ಸೇರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಮೂರನೆಯ ವಿಳಂಬ ಆಸ್ಪತ್ರೆಯೊಳಗಿನದು. ಇದೇ ಎಲ್ಲಕ್ಕಿಂತ ಗಂಭೀರವಾದದ್ದು. ಸ್ವಾತಂತ್ರ್ಯಪೂರ್ವದಲ್ಲಿಯೇ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮದಂತಹ ಸಂಸ್ಥೆಯನ್ನು ಕಂಡ ಸೀಮೆಯಿದು. ಗೋಕಾಕ ಮತ್ತು ಹುಕ್ಕೇರಿಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಗೋಕಾಕದಿಂದ ಬೇರ್ಪಟ್ಟು ಹೊಸ ತಾಲೂಕಾದ ಮೂಡಲಗಿಯಲ್ಲಿಯೂ ಸರಕಾರಿ ಆಸ್ಪತ್ರೆಯಿದೆ. ಆದರೆ ಆಸ್ಪತ್ರೆಯೊಂದು ತಾಯಿಯನ್ನು ಉಳಿಸಬೇಕಾದರೆ ಕಟ್ಟಡ ಸಾಲದು. ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮತ್ತು ರಕ್ತ ಸಂಗ್ರಹ ಘಟಕ ಇವು ನಾಲ್ಕೂ ಒಂದೇ ಸೂರಿನಡಿ, ರಾತ್ರಿ ಎರಡು ಗಂಟೆಗೂ ಇರಬೇಕು. ಪ್ರಥಮ ರೆಫರಲ್ ಘಟಕದ ನಿಯಮ ಹೇಳುವುದೇ ಇದನ್ನು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿದ ಮೂರು ನಿರುಪಯುಕ್ತ. ಅರಿವಳಿಕೆ ತಜ್ಞರು ರಜೆಯಲ್ಲಿದ್ದ ರಾತ್ರಿ ಪ್ರಸೂತಿ ತಜ್ಞರಿದ್ದೂ ಶಸ್ತ್ರಚಿಕಿತ್ಸೆ ಆಗದು. ಆಗ ಉಳಿಯುವ ಚಿಕಿತ್ಸೆ ಒಂದೇ, 'ಬೆಳಗಾವಿಗೆ ಒಯ್ಯಿರಿ' ಎಂಬ ಚೀಟಿ.

ಈ ಚೀಟಿಯಿಂದ ಇನ್ನೊಂದು ಗೊಂದಲವೂ ಹುಟ್ಟುತ್ತದೆ. ಕೊನೆಯ ಗಳಿಗೆಯಲ್ಲಿ ಬಂದ ತಾಯಿ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಯಲ್ಲಿ ಅಸುನೀಗಿದರೆ ಸಾವು ದಾಖಲಾಗುವುದು ಅಲ್ಲಿ. ಪತ್ರಿಕೆಗಳ ತಲೆಬರಹವೂ ಜನರ ಆಕ್ರೋಶವೂ ಅದೇ ಆಸ್ಪತ್ರೆಯ ಮೇಲೆ. ತಡವಾಗಿದ್ದು ಎಲ್ಲಿ, ಕೊಂಡಿ ಕಳಚಿದ್ದು ಎಲ್ಲಿ ಎಂಬುದು ಪ್ರಶ್ನೆಯಾಗದೇ ಉಳಿದರೆ ಮುಂದಿನ ತಾಯಿಯೂ ಅದೇ ಹಾದಿ ಹಿಡಿಯುತ್ತಾಳೆ.

ಮೊದಲೇ ಬರಿದಾದ ಮೈ

ಒಂದೇ ಪ್ರಮಾಣದ ರಕ್ತಸ್ರಾವವನ್ನು ಒಬ್ಬ ತಾಯಿ ತಾಳಿಕೊಳ್ಳುತ್ತಾಳೆ, ಇನ್ನೊಬ್ಬಳು ತಾಳಲಾರಳು. ವ್ಯತ್ಯಾಸ ಆಕೆಯ ಮೈಯಲ್ಲಿ ಮೊದಲೇ ಎಷ್ಟು ರಕ್ತವಿತ್ತು ಎಂಬುದರಲ್ಲಿದೆ. 2015-16ರ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ಶೇ. 45.4ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. 2019-20ರಲ್ಲಿ ಅದು ಶೇ. 45.7. ಆಸ್ಪತ್ರೆ ಹೆರಿಗೆ ಹೆಚ್ಚಿದೆ, ಆಂಬುಲೆನ್ಸ್ ಬಂದಿದೆ, ಕಬ್ಬಿಣಾಂಶದ ಮಾತ್ರೆ ಪ್ರತಿ ಉಪಕೇಂದ್ರದಲ್ಲಿಯೂ ಹಂಚಿಕೆಯಾಗುತ್ತಿದೆ. 2017ರ ಅಕ್ಟೋಬರ್ 2ರಂದು ಅಂಗನವಾಡಿಗಳಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯೂ ಬಂತು. ಆದರೂ ರಕ್ತಹೀನತೆ ನಿಂತ ಕಡೆಯೇ ನಿಂತಿದೆ.

ಇದಕ್ಕೆ ಕಾರಣ ಗರ್ಭಾವಸ್ಥೆಯ ಒಂಬತ್ತು ತಿಂಗಳಲ್ಲಿ ಹುಡುಕಿದರೆ ಸಿಗದು. 20ರಿಂದ 24 ವರ್ಷದೊಳಗಿನ ರಾಜ್ಯದ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು ಎನ್ನುತ್ತದೆ 2019-20ರ ಸಮೀಕ್ಷೆ. ತನ್ನ ಮೈ ಬೆಳೆಯುವ ವಯಸ್ಸಿನಲ್ಲಿಯೇ ಇನ್ನೊಂದು ಜೀವವನ್ನು ಹೊತ್ತವಳಿಗೆ, ಆರನೆಯ ತಿಂಗಳಲ್ಲಿ ಕೈಗಿತ್ತ ಮಾತ್ರೆಯ ಪೊಟ್ಟಣ ಎಷ್ಟರದು? ಮಾತ್ರೆಯಿಂದ ಹೊಟ್ಟೆ ಕೆಡುತ್ತದೆ, ಮಲಬದ್ಧತೆಯಾಗುತ್ತದೆ ಎಂದು ಬಿಟ್ಟವರೂ ಕಡಿಮೆಯಿಲ್ಲ. ನುಂಗಿದ್ದಾಳೆಯೇ ಎಂದು ಕೇಳಬೇಕಾದವಳು ಮತ್ತದೇ ಆಶಾ ಕಾರ್ಯಕರ್ತೆ. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು-ರಾತ್ರಿ ಕುಳಿತವರೂ ಇದೇ ಕಾರ್ಯಕರ್ತೆಯರು.

ಬಳ್ಳಾರಿಯ ಎಚ್ಚರಿಕೆ

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಒಳಗಾದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೆ ಒಬ್ಬರಂತೆ ಮೃತಪಟ್ಟ ಘಟನೆ ರಾಜ್ಯವನ್ನು ಬೆಚ್ಚಿಬೀಳಿಸಿತು. ರಕ್ತನಾಳದ ಮೂಲಕ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಸಂಶಯ ವ್ಯಕ್ತವಾಯಿತು. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ಆ ದ್ರಾವಣದ ಬಳಕೆಯನ್ನು ಸರಕಾರ ನಿಲ್ಲಿಸಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತುಗೊಂಡರು.

ಐದೂ ಸಾವುಗಳು ಹಳೆಯ ಮೂರು ವಿಳಂಬಗಳ ಚೌಕಟ್ಟಿಗೆ ಸಿಗುವಂಥವಲ್ಲ ಎಂಬುದು ಇಲ್ಲಿ ಗಮನಾರ್ಹ. ಈ ತಾಯಂದಿರು ಸಮಯಕ್ಕೆ ಆಸ್ಪತ್ರೆ ಸೇರಿದ್ದರು, ತಜ್ಞರಿದ್ದರು, ಶಸ್ತ್ರಚಿಕಿತ್ಸೆಯೂ ನಡೆದಿತ್ತು. ವ್ಯವಸ್ಥೆ ಹೇಳಿದ್ದನ್ನೆಲ್ಲ ಮಾಡಿದವರನ್ನು ವ್ಯವಸ್ಥೆಯೇ ಕೈಬಿಟ್ಟಿತ್ತು. ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ 2015-16ರಲ್ಲಿ ಶೇ. 23.6 ಇದ್ದದ್ದು 2019-20ರಲ್ಲಿ ಶೇ. 31.5ಕ್ಕೆ ಏರಿದೆ. ಅಗತ್ಯವಿದ್ದಾಗ ಮಾಡಿದ ಸಿಸೇರಿಯನ್ ಜೀವ ಉಳಿಸುತ್ತದೆ. ಆದರೆ ಮೂರರಲ್ಲಿ ಒಂದು ಹೆರಿಗೆ ಶಸ್ತ್ರಚಿಕಿತ್ಸೆಯಾಗುವ ಕಡೆ ದ್ರಾವಣ, ಔಷಧ, ಶುಚಿತ್ವ ಮತ್ತು ಶಸ್ತ್ರಚಿಕಿತ್ಸೆಯ ನಂತರದ ನಿಗಾ ಇವುಗಳ ಬಗೆಗಿನ ಎಚ್ಚರವೂ ಅದೇ ಪ್ರಮಾಣದಲ್ಲಿ ಏರಬೇಕಿತ್ತು. ಅದು ಏರಿಲ್ಲವೆಂಬುದನ್ನು ಬಳ್ಳಾರಿ ಕಹಿಯಾಗಿ ನೆನಪಿಸಿತು.

ತಡೆಯಬಹುದಾಗಿದ್ದ ಸಾವುಗಳು

ಬಳ್ಳಾರಿಯ ಘಟನೆಯ ನಂತರ ಸರಕಾರ ತಾಯಿ ಮರಣಗಳ ಸಮಗ್ರ ಪರಿಶೀಲನೆಗೆ ಮುಂದಾಯಿತು. 2024-25ರ 464 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ಸಮಿತಿ, ಅವುಗಳಲ್ಲಿ ಶೇ. 70ಕ್ಕೂ ಹೆಚ್ಚಿನವು ತಡೆಯಬಹುದಾಗಿದ್ದ ಸಾವುಗಳು ಎಂಬ ತೀರ್ಮಾನಕ್ಕೆ ಬಂದದ್ದನ್ನು 2025ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು.

ಈ ಸಂಖ್ಯೆಯನ್ನು ಕೇರಳದ ಪ್ರಮಾಣದ ಪಕ್ಕದಲ್ಲಿಟ್ಟು ನೋಡಿದರೆ ಅದರ ಸತ್ಯಾಂಶ ಮನದಟ್ಟಾಗುತ್ತದೆ. ಕರ್ನಾಟಕದ 63 ಎಲ್ಲಿ, ಕೇರಳದ 20 ಎಲ್ಲಿ? ಕರ್ನಾಟಕ ಕೇರಳದ ಮಟ್ಟ ಮುಟ್ಟಿದರೆ ಮೂರರಲ್ಲಿ ಎರಡು ಸಾವು ಇಲ್ಲವಾಗುತ್ತದೆ. ಅಂದರೆ ಸಮಿತಿ ಕಡತಗಳನ್ನು ಓದಿ ಕಂಡುಕೊಂಡದ್ದನ್ನೇ ನೆರೆಯ ರಾಜ್ಯವೊಂದು ಕೃತಿಯಲ್ಲಿ ಮಾಡಿ ತೋರಿಸಿದೆ. ಉಳಿಸಲು ಸಾಧ್ಯವಿತ್ತೇ ಎಂಬ ಪ್ರಶ್ನೆಗೆ ಇನ್ನು ಚರ್ಚೆಯ ಅಗತ್ಯವಿಲ್ಲ.

ಕೇರಳದಲ್ಲಿ ಪ್ರಸೂತಿ ತಜ್ಞರ ಸಂಘಟನೆಯೇ ಮುಂದೆ ನಿಂತು 2004ರಿಂದ ತಾಯಿ ಮರಣಗಳ ಗೋಪ್ಯ ಪರಿಶೀಲನೆ ನಡೆಸುತ್ತ ಬಂದಿದೆ. ವೈದ್ಯರ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ, ಶಿಕ್ಷೆಯ ಮಾತಿಲ್ಲ. ಏನು ನಡೆಯಿತು, ಎಲ್ಲಿ ತಪ್ಪಿತು, ಮುಂದೆ ಹೇಗೆ ತಪ್ಪಿಸಬಹುದು ಎಂಬುದಷ್ಟೇ ಅಲ್ಲಿನ ಚರ್ಚೆ. ಕರ್ನಾಟಕದಲ್ಲಿಯೂ ಪ್ರತಿ ತಾಯಿ ಮರಣದ ಪರಿಶೀಲನೆ ಕಡ್ಡಾಯ. 2010ರಲ್ಲಿಯೇ ಕೇಂದ್ರ ಸರಕಾರ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಆದರೆ ಸಾವು ಸಂಭವಿಸಿದ ಕೂಡಲೇ ಅಮಾನತಿನ ಆದೇಶ ಬರಬಹುದೆಂಬ ಭಯವಿದ್ದ ಕಡೆ ಕಡತಗಳು ಸತ್ಯ ಹೇಳುವುದು ಕಷ್ಟ. ಹಾಗೆಂದು ನಿರ್ಲಕ್ಷ್ಯಕ್ಕೆ ಕ್ಷಮೆಯಿರಬೇಕೆಂದಲ್ಲ. ಹೊಣೆಗಾರಿಕೆಯ ವಿಚಾರಣೆ ಬೇರೆ, ಪಾಠ ಕಲಿಯುವ ವಿಚಾರಣೆ ಬೇರೆ. ಎರಡನ್ನೂ ಒಂದೇ ಕೋಣೆಯಲ್ಲಿ ನಡೆಸಿದರೆ ಎರಡೂ ಕೆಡುತ್ತವೆ.

ತಾಲೂಕಿನ ಲೆಕ್ಕ ತಾಲೂಕಿಗೆ

ರಾಜ್ಯದ ಸರಾಸರಿ 63 ಎಂಬುದು ಗೋಕಾಕಕ್ಕಾಗಲಿ ಮೂಡಲಗಿಗಾಗಲಿ ಹುಕ್ಕೇರಿಗಾಗಲಿ ಏನನ್ನೂ ಹೇಳುವುದಿಲ್ಲ. ಮಾದರಿ ನೋಂದಣಿಯ ಅಂದಾಜು ರಾಜ್ಯದ ಮಟ್ಟದ್ದು. ವರ್ಷಕ್ಕೆ ಐದು ಸಾವಿರ ಹೆರಿಗೆಗಳಾಗುವ ತಾಲೂಕೊಂದಿದೆ ಎಂದಿಟ್ಟುಕೊಂಡರೆ ರಾಜ್ಯದ ಸರಾಸರಿಯಂತೆ ಅಲ್ಲಿ ವರ್ಷಕ್ಕೆ ಮೂರು ತಾಯಂದಿರು ಮೃತಪಡುತ್ತಾರೆ. ಮೂರು ಐದಾದರೆ ಅಥವಾ ಒಂದಾದರೆ ಅದರಿಂದ ಏರಿಳಿತದ ತೀರ್ಮಾನಕ್ಕೆ ಬರುವಂತಿಲ್ಲ. ಆದ್ದರಿಂದ ತಾಲೂಕು ಮಟ್ಟದಲ್ಲಿ ಬೇಕಾದದ್ದು ಪ್ರಮಾಣದ ಲೆಕ್ಕವಲ್ಲ, ಒಬ್ಬೊಬ್ಬ ತಾಯಿಯ ಕೊನೆಯ ದಿನದ ಲೆಕ್ಕ. ನೋವು ಕಾಣಿಸಿಕೊಂಡದ್ದು ಎಷ್ಟು ಗಂಟೆಗೆ, 108ಕ್ಕೆ ಕರೆ ಹೋದದ್ದು ಯಾವಾಗ, ಮೊದಲ ಆಸ್ಪತ್ರೆಯಲ್ಲಿ ಯಾರಿದ್ದರು, ರಕ್ತ ಸಿಕ್ಕಿತೇ, ಎಷ್ಟು ಆಸ್ಪತ್ರೆಗಳನ್ನು ಅಲೆಯಬೇಕಾಯಿತು?

ವರ್ಷಕ್ಕೆ ಮೂರು ಸಾವುಗಳ ವಿವರವನ್ನು ಪೂರ್ಣವಾಗಿ ತಿಳಿದುಕೊಳ್ಳುವುದು ಯಾವ ತಾಲೂಕಿಗೂ ಅಸಾಧ್ಯವಲ್ಲ. ಹೆಸರುಗಳನ್ನು ಮರೆಮಾಚಿ ಅದನ್ನು ಜನಪ್ರತಿನಿಧಿಗಳ ಮುಂದಿಟ್ಟರೆ, ಹೊಸ ಕಟ್ಟಡದ ಶಂಕುಸ್ಥಾಪನೆಗಿಂತ ಅರಿವಳಿಕೆ ತಜ್ಞರ ಹುದ್ದೆ ತುಂಬುವುದು ಏಕೆ ತುರ್ತು ಎಂಬುದು ಅರಿವಾದೀತು. ರಾಜಕೀಯವಾಗಿ ಪ್ರಬಲವಾದ ಈ ಸೀಮೆಗೆ ಸಚಿವ ಸ್ಥಾನಗಳು ಹೊಸತಲ್ಲ. ಆ ಬಲ ಸಕ್ಕರೆ, ಹಾಲು, ನೀರಾವರಿಗಳ ವಿಷಯದಲ್ಲಿ ಕಾಣಿಸಿಕೊಂಡಷ್ಟು ಹೆರಿಗೆ ಕೋಣೆಯ ವಿಷಯದಲ್ಲಿ ಕಾಣಿಸಿಕೊಳ್ಳಬೇಕಾಗಿದೆ.

ಮಾಡಬೇಕಾದ ಕೆಲಸಗಳ ಪಟ್ಟಿ ದೊಡ್ಡದೇನಲ್ಲ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಹಗಲು-ರಾತ್ರಿ ತಜ್ಞರ ಪೂರ್ಣ ತಂಡ ಮತ್ತು ಬಳಕೆಗೆ ಸಿದ್ಧವಿರುವ ರಕ್ತ. ಪ್ರತಿ ಹೆರಿಗೆ ಕೋಣೆಯಲ್ಲಿ ಬೆಳಗಾವಿಯಲ್ಲೇ ಪರೀಕ್ಷೆಗೊಳಗಾದ ಅಳತೆಯ ಹಾಳೆ. ತವರಿಗೆ ಹೊರಟ ಬಸುರಿಯ ವಿವರ ಆಕೆಗಿಂತ ಮೊದಲೇ ತವರೂರಿನ ಆಶಾ ಕಾರ್ಯಕರ್ತೆಗೆ ತಲುಪುವ ಏರ್ಪಾಡು. ಹಂಗಾಮಿನಲ್ಲಿ ಕಬ್ಬಿನ ಗ್ಯಾಂಗ್‌ಗಳ ಬಿಡಾರಗಳಿಗೆ ಸಂಚಾರಿ ತಪಾಸಣೆ. ಹೆರಿಗೆಯಾದ ಮೇಲೆ ಅವಸರದಲ್ಲಿ ಮನೆಗೆ ಕಳಿಸದೆ ಕನಿಷ್ಠ ಎರಡು ದಿನದ ನಿಗಾ. ಮದುವೆಗೆ ಮುನ್ನವೇ, ಶಾಲೆಯಲ್ಲಿಯೇ ರಕ್ತಹೀನತೆಯ ಚಿಕಿತ್ಸೆ. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ. ಸಂಶೋಧನೆ ಆಗಲೇ ಆಗಿದೆ, ಅದೂ ಇದೇ ಜಿಲ್ಲೆಯಲ್ಲಿ.

ಹೆರಿಗೆ ಎಂದರೆ ಹೆಣ್ಣಿಗೆ ಮರುಜನ್ಮ ಎಂಬ ಮಾತಿದೆ. ಹೆರಿಗೆಯೊಡನೆ ಸಾವಿನ ಸಾಧ್ಯತೆಯನ್ನು ಸಹಜವೆಂದು ಒಪ್ಪಿಕೊಂಡಿದ್ದ ಕಾಲದ ಮಾತದು. ಹತ್ತರಲ್ಲಿ ಏಳು ಸಾವುಗಳನ್ನು ತಡೆಯಬಹುದೆಂದು ಸರಕಾರದ ಸಮಿತಿಯೇ ಹೇಳಿದ ಮೇಲೆ ಆ ಮಾತಿನ ಹಿಂದೆ ಅವಿತುಕೊಳ್ಳಲು ಯಾರಿಗೂ ಅವಕಾಶವಿಲ್ಲ. ಮುಂದಿನ ಹಂಗಾಮಿನ ಟ್ರ್ಯಾಕ್ಟರ್‌ಗಳು ರಸ್ತೆಗಿಳಿಯುವ ಮೊದಲು ಗೋಕಾಕ ಸೀಮೆಯ ತಾಯಿಯೊಬ್ಬಳಿಗೆ ಬೇಕಾದ ರಕ್ತ ಆಕೆಯ ತಾಲೂಕಿನಲ್ಲಿಯೇ ಸಿಗುವಂತಾದರೆ, ಅರವತ್ತು ಕಿಲೋಮೀಟರಿನ ಆ ಓಟವೇ ಬೇಕಾಗುವುದಿಲ್ಲ.